ಕಂಡಕ್ಟರ್ ಬರಗೇರಮ್ಮನ ಎಡಗಾಲು

ಚಿತ್ರಲಿಂಗಪ್ಪ ಫಿಸಿಯೋಥೆರಪಿ ಕಲಿಯುತ್ತಿದ್ದ ಕೊನೆಯ ವರ್ಷದಲ್ಲಿ ಕಾಲೇಜಿನವರು ಅವನನ್ನು ತರಬೇತಿಗೆಂದು ಹಿರಿಯೂರಿಗೆ ಹಾಕಿದರು. ಅದು ಎರಡು ಸಾವಿರದ ಹನ್ನೆರಡನೇ ಇಸವಿ. ಅವನ ಜೊತೆಯವರಿಗೆಲ್ಲ ಬೆಂಗಳೂರಿನ ದೊಡ್ಡ ದೊಡ್ಡ ಆಸ್ಪತ್ರೆಗಳು ಸಿಕ್ಕಿದ್ದವು. ಇವನೊಬ್ಬನಿಗೆ ಮಾತ್ರ ಒಂದು ಖಾಸಗಿ ಕ್ಲಿನಿಕ್ಕು. "ನಿನ್ನ ಊರು ಹೊಸದುರ್ಗದ ಕಡೆ ಅಲ್ಲವೇನಯ್ಯಾ? ಹತ್ತಿರವೇ ಆಯಿತಲ್ಲ" ಎಂದು ಪ್ರಾಂಶುಪಾಲರು ಉಪಕಾರ ಮಾಡಿದವರ ಹಾಗೆ ಹೇಳಿದರು. ಊರಿಗೆ ಹತ್ತಿರವಾಗಲೆಂದೇನೂ ಅವನು ಬೆಂಗಳೂರಿಗೆ ಓದಲು ಹೋಗಿರಲಿಲ್ಲ. ಆದರೂ ತಲೆಯಾಡಿಸಿ ಬಂದ.

ಕ್ಲಿನಿಕ್ಕು ಎಂದರೆ ಬೀಜ, ಗೊಬ್ಬರ ಮಾರುವ ಅಂಗಡಿಯ ಪಕ್ಕದ ಎರಡು ಕೋಣೆ. ಒಳಗೆ ಕಾಲಿಟ್ಟರೆ ಯೂರಿಯಾದ ವಾಸನೆಯೂ ಕೈಕಾಲಿಗೆ ಹಚ್ಚಲು ಕಾಯಿಸಿಟ್ಟ ಮೇಣದ ವಾಸನೆಯೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಹೊಸದಾಗಿ ನಡೆಯಲು ಕಲಿಯುವವರು ಹಿಡಿದುಕೊಳ್ಳುವ ಜೋಡಿ ಕಂಬಿಗಳನ್ನು ಬೋರ್‌ವೆಲ್ಲಿನ ಹಳೇ ಪೈಪುಗಳಿಂದ ಮಾಡಿಸಿದ್ದರು. ಕ್ಲಿನಿಕ್ಕಿನ ಒಡತಿ ಏಕನಾಥಮ್ಮ ಐವತ್ತರ ಆಸುಪಾಸಿನ ಹೆಂಗಸು. ಗಟ್ಟಿಮುಟ್ಟಾದ ಮೈಕಟ್ಟು, ಸಣ್ಣ ದನಿ. ಬಹಳ ವರ್ಷ ಆಸ್ಪತ್ರೆಯೊಂದರಲ್ಲಿ ದುಡಿದು, ಆಮೇಲೆ ಇಲ್ಲಿ ಸ್ವಂತದ್ದು ಶುರು ಮಾಡಿದ್ದರು. ಮೊದಲ ದಿನವೇ ಅವನನ್ನು ಕೂರಿಸಿಕೊಂಡು ಹೇಳಿದರು:

"ನೋಡಪ್ಪ, ಆಸ್ಪತ್ರೇಲಿ ಪೇಷಂಟು ಹಾಸಿಗೆ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ. ನೀನು ಹೆಂಗೆ ಮಾತಾಡಿದ್ರೂ ಕೇಳಿಸ್ಕಂತಾರೆ. ಇಲ್ಲಿ ಹಂಗಲ್ಲ. ನಿನ್ ಮಾತು ಹಿಡಿಸ್ಲಿಲ್ಲ ಅಂದ್ರೆ ಚಪ್ಪಲಿ ಮೆಟ್ಕಂಡು ಹೊಂಟೋಗ್ತಾರೆ. ಹೋದೋರು ವಾಪಸ್ ಬರಲ್ಲ, ನೋವು ಇಟ್ಕಂಡೇ ಇರ್ತಾರೆ. ಅದಕ್ಕೇ ಮೊದ್ಲು ಅವ್ರಿಗೆ ಏನು ಬೇಕಾಗೈತೆ ಅಂತ ಕೇಳು."

ಚಿತ್ರಲಿಂಗ ಹೂಂಗುಟ್ಟಿದ. ಕೇಳುವುದೇನು ದೊಡ್ಡ ವಿದ್ಯೆ ಎಂದು ಒಳಗೊಳಗೇ ಅಂದುಕೊಂಡ.

ಆ ವಾರವೇ ಬಂದವಳು ಬರಗೇರಮ್ಮ. ಸರ್ಕಾರಿ ಬಸ್ಸಿನ ಕಂಡಕ್ಟರು, ಮೂವತ್ತೈದರ ಆಚೀಚೆ ವಯಸ್ಸು. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹೆಣ್ಣು. ಗಂಡ ಯತ್ತಪ್ಪ ಹಿರಿಯೂರಿನಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಹೊಸದುರ್ಗದ ದಾರಿಯಲ್ಲಿ ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಅವಳ ಎಡಗಾಲಿನ ಹರಡು, ಪಾದದ ಮೇಲಿನ ಕೀಲು, ಮುರಿದಿತ್ತು. ಚಿತ್ರದುರ್ಗದಲ್ಲಿ ಆಪರೇಷನ್ ಮಾಡಿ ಒಳಗೆ ತಗಡು ಕೂರಿಸಿದ್ದರು. ಪಟ್ಟಿ ಬಿಚ್ಚಿದ ಮೇಲೆ ಕಾಲು ಮರದ ಕೊರಡಿನಂತೆ ಬಿಗಿದುಕೊಂಡಿತ್ತು. ತಲೆಗೂದಲನ್ನು ಗಂಡಸರ ಹಾಗೆ ಗಿಡ್ಡವಾಗಿ ಕತ್ತರಿಸಿದ್ದಳು. ಕೇಳಿದವರಿಗೆಲ್ಲ "ದೇವರಿಗೆ ಕೊಟ್ಟೆ" ಎನ್ನುತ್ತಿದ್ದಳು.

ಏಕನಾಥಮ್ಮ ಅವಳನ್ನು ಚಿತ್ರಲಿಂಗನಿಗೆ ಒಪ್ಪಿಸಿ, ತಾವು ಅದೇ ಕೋಣೆಯಲ್ಲಿ ಇನ್ನೊಬ್ಬರ ಮೊಣಕಾಲು ನೋಡುತ್ತಾ ನಿಂತರು. ಅವನಿಗೆ ತನ್ನ ವಿದ್ಯೆ ತೋರಿಸುವ ಉಮೇದು. ಬಿಗಿದ ಕೀಲನ್ನು ಎಷ್ಟು ಬಲವಾಗಿ, ಯಾವ ದಿಕ್ಕಿಗೆ ಒತ್ತಬೇಕೆಂದು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ತೆಗೆದಿದ್ದ. ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿಯೇಬಿಟ್ಟ.

"ಅಯ್ಯಯ್ಯಪ್ಪೋ!" ಬರಗೇರಮ್ಮನ ಕೂಗಿಗೆ ಪಕ್ಕದ ಗೊಬ್ಬರದಂಗಡಿಯವರು ಬಾಗಿಲಿಗೆ ಬಂದರು. ತುಂಬಿದ ಬಸ್ಸಿನ ಕೊನೆಯ ಸೀಟಿನವರೆಗೆ ಮುಟ್ಟಿಸಿ ಪಳಗಿದ ದನಿ ಅದು. "ಮೇಡಂ, ಈ ಹುಡ್ಗನ್ನ ನನ್ ಕಾಲಿನ್ ತಂಟೆಗೆ ಬಿಡಬ್ಯಾಡ್ರಿ. ಅರ್ಧ ಕೂಡಿರೋ ಮೂಳೆ ಮತ್ತೆ ಮುರೀತಾನೆ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವನ ಕಿವಿಗಳು ಕೆಂಪಾದವು. ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕುವಾಗ, "ಅವ್ರನ್ನ ನೀವೇ ನೋಡಿ ಮೇಡಂ" ಎಂದ.

"ಇಲ್ಲ, ನೀನೇ ನೋಡ್ಬೇಕು" ಎಂದರು ಏಕನಾಥಮ್ಮ. "ಕೀಲು ಸಡ್ಲ ಮಾಡೋ ಕೆಲ್ಸ ಸ್ವಲ್ಪ ದಿನ ನಾನು ಮಾಡ್ತೀನಿ. ಮಿಕ್ಕಿದ್ದೆಲ್ಲ ಮುಟ್ಟದೆ ಕಲ್ಸು. ನಿನ್ ಕೈ ಬೆನ್ನ ಹಿಂದೆ ಇರ್ಲಿ."

ಮುಟ್ಟದೆ ಕಲಿಸುವುದು ಎಂದರೆ ಏನೆಂದು ಅವನಿಗೆ ಮರುದಿನದಿಂದ ಗೊತ್ತಾಯಿತು. ಬೇರೆಯವರ ಕಾಲನ್ನು ಹಿಡಿದು ತಿರುಗಿಸುವುದು ಸುಲಭ. ಹೇಗೆ ತಿರುಗಿಸಬೇಕೆಂದು ಬರಿಯ ಮಾತಿನಲ್ಲಿ ಹೇಳುವುದು ಕಷ್ಟ. ಅವನು ಪ್ಯಾಂಟನ್ನು ಮೊಣಕಾಲಿಗೆ ಮಡಚಿ ಅವಳ ಎದುರಿಗೆ ಸ್ಟೂಲಿನ ಮೇಲೆ ಕುಳಿತು, ತನ್ನ ಪಾದವನ್ನೇ ಆಡಿಸಿ ತೋರಿಸತೊಡಗಿದ. "ಪಾದಾನ ಹೊರಳಿಸಿ" ಎಂದರೆ ಅವಳು ಇಡೀ ಕಾಲನ್ನು ಹೊರಳಿಸುತ್ತಿದ್ದಳು. "ಬ್ರೇಕ್ ತುಳಿಯೋ ಹಂಗೆ ಮಾಡ್ರಿ ಅಕ್ಕ, ಆಮೇಲೆ ಬ್ರೇಕ್ ಬಿಡ್ರಿ" ಎಂದ ದಿನ ಪಾದ ಸರಿಯಾಗಿ ಕೆಳಗೆ ಹೋಗಿ ಮೇಲೆ ಬಂತು.

"ಇದನ್ನ ಮೊದ್ಲೇ ಹೇಳಕ್ಕೆ ಏನಾಗಿತ್ತಪ್ಪ ನಿಂಗೆ?" ಎಂದಳು.

ಹಾಗೆ ಮಾತು ಬೆಳೆಯಿತು. ಅವನು ಕುರಿ ಸಾಕುವವರ ಮನೆಯವನೆಂದು ತಿಳಿದ ಮೇಲಂತೂ ಅವಳ ಕೀಟಲೆಗೆ ಕೊನೆಯಿರಲಿಲ್ಲ. "ನನ್ನ ಬೀಳಿಸಿದ್ದೂ ಕುರಿನೇ ಕಣಪ್ಪ. ರಸ್ತೆಗೆ ಅಡ್ಡ ಬಂದ್ವು. ಈಗ ಕುರುಬ್ರ ಹುಡ್ಗ ನೀನೇ ಕಾಲು ರಿಪೇರಿ ಮಾಡ್ತಾ ಇದೀಯ. ಲೆಕ್ಕ ಸರಿ ಹೋಯ್ತು ಬಿಡು." ಅವನೂ ನಗುತ್ತಿದ್ದ. ಕೆಲವು ದಿನಗಳಾದ ಮೇಲೆ, "ಏನು ಬೆನ್ನ ಹಿಂದೆ ಕೈ ಕಟ್ಕಂಡು ಸ್ಕೂಲ್ ಮೇಷ್ಟ್ರು ನಿಂತಂಗೆ ನಿಂತಿದೀಯ? ಬಂದು ಹಿಡಿ, ನೋಡಾಣ. ಮೆತ್ತಗೆ!" ಎಂದು ಅವಳೇ ಕಾಲು ಚಾಚಿದಳು. ಈ ಸಲ ಅವನು ಪಾದದ ಕೆಳಗೆ ಅಂಗೈ ಇಟ್ಟು, ಅವಳು ತಾನಾಗಿ ಒತ್ತುವವರೆಗೆ ಕಾದ.

ಕಾಲು ಬೇಗ ಸುಧಾರಿಸಿತು. ಊತ ಇಳಿಯಿತು. ಕೋಲು ಬಿಟ್ಟಳು. ಹಿಮ್ಮಡಿ ಎತ್ತಿ ಬೆರಳುಗಳ ಮೇಲೆ ನಿಂತಳು, ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತಳು, ಮೂಲೆಯಲ್ಲಿದ್ದ ಮರದ ಮೆಟ್ಟಿಲನ್ನು ಹತ್ತಿ ಇಳಿದಳು. ಚಿತ್ರಲಿಂಗ ಎಲ್ಲವನ್ನೂ ಅಳೆದು ನೋಡಿದ. ಬಲಗಾಲಿಗೂ ಎಡಗಾಲಿಗೂ ಹೆಚ್ಚು ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಕೆಲಸಕ್ಕೆ ಹೋಗಬಹುದು ಎಂದು ಹೇಳಿದ ದಿನ ಬರಗೇರಮ್ಮ ಮುಖ ತಿರುಗಿಸಿದಳು.

"ಇನ್ನೂ ನೋವೈತೆ."

"ಎಲ್ಲಿ ಅಕ್ಕ?"

"ಅಲ್ಲೇ... ಒಳಗೆ."

ಅವನು ಬೆರಳಿನಿಂದ ಒತ್ತಿ ಹುಡುಕಿದ. ನೋವಿನ ಜಾಗ ಸಿಗಲಿಲ್ಲ. ಇನ್ನಷ್ಟು ವ್ಯಾಯಾಮ ಹೇಳಿಕೊಟ್ಟ. ಅವಳು ಮಾಡಿದಳು. ನೋವು ಮಾತ್ರ ಹಾಗೇ ಇದೆ ಎಂದಳು. ಆಫೀಸಿನಲ್ಲಿ ಕೂತು ಮಾಡುವ ಕೆಲಸ ಕೇಳಬೇಕೆಂದಿದ್ದೇನೆ ಎಂದೂ ಒಮ್ಮೆ ಹೇಳಿದಳು. ಹೇಳುವಾಗ ಅವಳ ದನಿ ಕೊನೆಯ ಸೀಟಿಗೆ ಮುಟ್ಟುವಂತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಚಿತ್ರಲಿಂಗ ಬಸ್ ನಿಲ್ದಾಣದ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಹೊಳಲ್ಕೆರೆ ಕಡೆಯ ಬಸ್ಸು ನಿಲ್ಲುವ ಕಡೆ ಬರಗೇರಮ್ಮ ಕೈಚೀಲ ಹಿಡಿದು ನಿಂತಿದ್ದಳು. ಬಸ್ಸು ಬಂತು. ಜನ ನುಗ್ಗಿದರು. ಅವಳು ಬಾಗಿಲಿನ ತನಕ ಹೋಗಿ ಹಿಂದೆ ಸರಿದಳು. ಇನ್ನೊಂದು ಬಸ್ಸಿಗೂ ಹಾಗೇ ಮಾಡಿದಳು. ಆಮೇಲೆ ಬಂದ ಬಸ್ಸು ಹೆಚ್ಚುಕಡಿಮೆ ಖಾಲಿ ಇತ್ತು. ಅವಳು ಮೆಟ್ಟಿಲಿನ ಕಂಬಿಗೆ ಕೈ ಹಾಕಿ, ಕೈ ತೆಗೆದು, ಹಿಂದಕ್ಕೆ ಬಂದು ಕಲ್ಲು ಬೆಂಚಿನ ಮೇಲೆ ಕುಳಿತುಬಿಟ್ಟಳು.

ಅವನು ಇನ್ನೊಂದು ಲೋಟ ಟೀ ತೆಗೆದುಕೊಂಡು ಹೋಗಿ ಅವಳ ಪಕ್ಕ ಇಟ್ಟ.

"ರಶ್ ಇತ್ತು" ಎಂದಳು ಅವಳು, ಅವನ ಕಡೆ ನೋಡದೆ.

ಅವನೂ ಬೆಂಚಿನ ಮೇಲೆ ಕುಳಿತ. ಖಾಲಿ ಬಸ್ಸು ಹೊರಟುಹೋಯಿತು. ಆಮೇಲೆ ಅವಳೇ ಮಾತು ತೆಗೆದಳು.

"ಅವತ್ತು ಏನಾಯ್ತು ಅಂತ ಯಾರಿಗೂ ಪೂರ್ತಿ ಹೇಳಿಲ್ಲ ನಾನು. ಕಣಿವೆ ದಾಟಿದ್ ಮೇಲೆ ಒಂದು ತಿರುವು ಐತಲ್ಲ, ಅಲ್ಲಿ ಯಾರೋ ಕೈ ಮಾಡಿದ್ರು. ಹತ್ತಿಸ್ಕಂಡು ಸೀಟಿ ಊದಿದೆ. ನಾನಿನ್ನೂ ಮೆಟ್ಲ ಮೇಲೇ ಇದ್ದೆ. ಗಾಡಿ ಮುಂದಕ್ಕೆ ಹೋಗಿತ್ತು, ಹಳ್ಳದಿಂದ ಕುರಿ ಮಂದೆ ಸೀದಾ ರೋಡಿಗೇ ಬಂತು. ಡ್ರೈವರ್ ಬೋರಯ್ಯ ಬ್ರೇಕ್ ಹಾಕ್ಲೇಬೇಕಾಗಿತ್ತು, ಅವ್ನದೇನೂ ತಪ್ಪಿಲ್ಲ. ನಾನು ಕೆಳಗೆ ಬಿದ್ದೆ. ಕಾಲು ಮುರಿದಿದ್ದು ನಂಗೆ ಗೊತ್ತೇ ಆಗ್ಲಿಲ್ಲ ಕಣಪ್ಪ. ಏಳಾಣ ಅಂತ ತಲೆ ಎತ್ತಿದ್ರೆ ತಲೆ ಬರ್ತಾ ಇಲ್ಲ. ಜಡೆ ಹಿಂದಿನ್ ಚಕ್ರದ ಕೆಳಗೆ ಸಿಕ್ಕಂಡೈತೆ."

ಚಿತ್ರಲಿಂಗ ಅವಳ ಗಿಡ್ಡ ಕೂದಲಿನ ಕಡೆ ನೋಡಿದ.

"ಗಾಡಿ ಹಿಂದಕ್ಕೆ ತಗಂತೀನಿ ಅಂದ ಬೋರಯ್ಯ. ಬ್ಯಾಡ, ಬ್ಯಾಡ ಅಂತ ಕಿರುಚಿದೆ. ಎಂಜಿನ್ ಗುರ್ ಅಂತಾ ಇತ್ತು, ಟೈರು ಕಣ್ ಮುಂದೇ ಇತ್ತು. ಕೊನೆಗೆ ಆ ಕುರಿಯೋನು ಬಂದ. ಅವನ್ ಹೆಗಲ ಚೀಲದಾಗೆ ಉಣ್ಣೆ ಕತ್ತರಿಸೋ ಕತ್ತರಿ ಇತ್ತು. ನನ್ ಪಕ್ಕ ಮಣ್ಣಾಗೆ ಮಲಿಕ್ಕಂಡು, 'ಅಲ್ಲಾಡಬ್ಯಾಡ ತಾಯಿ' ಅಂತ ಕಿವಿ ಹತ್ರದಿಂದ ಕೂದ್ಲು ಕತ್ತರಿಸಿದ. ದೇವ್ರಿಗೂ ಕೊಡ್ಲಿಲ್ಲ, ಏನೂ ಇಲ್ಲ. ಜಡೆ ಅಲ್ಲೇ ಬಿಟ್ಟು ಬಂದೆ."

ಆ ಕತ್ತರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನಪ್ಪ ಕೆಂಚಣ್ಣನ ಬಳಿಯೂ ಅಂಥದ್ದೇ ಇತ್ತು: ಅಗಲವಾದ ಅಲಗು, ಒಂದೇ ಕೈಯಲ್ಲಿ ಅದುಮಿ ಹಿಡಿಯುವಂಥದ್ದು. ಅದು ಕಿವಿಯ ಪಕ್ಕ ಕರಕರ ಎನ್ನುವ ಸದ್ದು ಅವನಿಗೂ ಕೇಳಿದಂತಾಯಿತು.

"ಮೇಡಂಗೆ ಇದನ್ನ ಹೇಳ್ಲಾ ಅಕ್ಕ?" ಎಂದು ಕೇಳಿದ.

ಅವಳು ಟೀ ಕುಡಿದು ಮುಗಿಸಿದಳು. "ಹೇಳು. ಆದ್ರೆ ಪಾಪ ಅನ್ನಬ್ಯಾಡ ಅನ್ನು."

ಏಕನಾಥಮ್ಮ ಪಾಪ ಎನ್ನಲಿಲ್ಲ. ಎಲ್ಲವನ್ನೂ ಕೇಳಿ, "ಹಂಗಾದ್ರೆ ಈ ಕೋಣೆ ಒಳಗೆ ನಾವು ಇನ್ನು ಎಷ್ಟು ದಿನ ಕುಣಿಸಿದ್ರೂ ಉಪಯೋಗ ಇಲ್ಲ" ಎಂದರು. ಚಿತ್ರಲಿಂಗನಿಗೆ ಆಗಲೇ ಒಂದು ಯೋಚನೆ ಬಂದಿತ್ತು. ಬಸ್ಸಿನಲ್ಲೇ ಅಭ್ಯಾಸ ಮಾಡಿಸಿದರೆ? ಮೊದಲು ನಿಂತ ಬಸ್ಸು, ಆಮೇಲೆ ಓಡುವ ಬಸ್ಸು. ಏಕನಾಥಮ್ಮ ಅವನ ಮುಖವನ್ನೇ ನೋಡಿದರು. ವಿದ್ಯಾರ್ಥಿಯನ್ನು ಕ್ಲಿನಿಕ್ಕಿನ ಹೊರಗೆ ಒಬ್ಬನೇ ಕಳಿಸುವಂತಿರಲಿಲ್ಲ. ಸಂಜೆಯ ರೋಗಿಗಳಿಗೆ ಫೋನು ಮಾಡಿ ನಾಳೆ ಬನ್ನಿ ಎಂದರು. "ನಡಿ, ಬೋರಯ್ಯನ್ನ ಹುಡುಕಾಣ."

ಬೋರಯ್ಯ ಮಾತು ಕಡಿಮೆಯ ಮನುಷ್ಯ. ಅಪಘಾತವಾದಾಗಿನಿಂದ ಅವನೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಮೇಲಿನವರನ್ನು ಕೇಳಿ ಒಪ್ಪಿಸಿದ. ಮಧ್ಯಾಹ್ನ ಅವನ ಬಸ್ಸು ನಿಲ್ದಾಣದ ಹಿಂದೆ ಬೇವಿನ ಮರದ ಕೆಳಗೆ ಎಂಜಿನ್ ಆರಿಸಿ ಖಾಲಿ ನಿಲ್ಲುತ್ತಿತ್ತು. ಅಲ್ಲಿ ಬರಗೇರಮ್ಮ ಹತ್ತಿ ಇಳಿದಳು. ಮತ್ತೆ ಹತ್ತಿದಳು. ಎರಡು ದಿನ ಹೀಗೇ ನಡೆಯಿತು. ಚಿತ್ರಲಿಂಗನಿಗೆ ಖುಷಿಯೋ ಖುಷಿ. ಮೂರನೆಯ ದಿನ ಅವಳು ಮೆಟ್ಟಿಲ ಮೇಲೆ ನಿಂತು ಏಕನಾಥಮ್ಮನ ಜೊತೆ ನಗುತ್ತಿದ್ದಾಗ, ಈಗ ಸರಿಯಾದ ಹೊತ್ತು ಎಂದು ಅವನು ಬೋರಯ್ಯನಿಗೆ ಕೈಸನ್ನೆ ಮಾಡಿದ. ಬೋರಯ್ಯ ಎಂಜಿನ್ ಚಾಲೂ ಮಾಡಿದ.

ಬರಗೇರಮ್ಮನ ನಗು ಅಲ್ಲೇ ನಿಂತಿತು. ಕಂಬಿ ಹಿಡಿದ ಕೈ ಸೆಟೆದುಕೊಂಡಿತು. ಏಕನಾಥಮ್ಮ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಇಳಿಸಬೇಕಾಯಿತು. ನೆಲಕ್ಕೆ ಕಾಲು ತಾಗಿದ ಮೇಲೆ ಅವಳು ಚಿತ್ರಲಿಂಗನ ಕಡೆ ತಿರುಗಿದಳು.

"ಯಾರನ್ ಕೇಳಿ ಸ್ಟಾರ್ಟ್ ಮಾಡ್ಸಿದೆ? ಯಾರನ್ ಕೇಳಿ?"

ಅಷ್ಟೇ ಹೇಳಿ ಹೊರಟುಹೋದಳು. ಕುಂಟುತ್ತಾ ಹೋದಳು. ಕುಂಟುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಚಿತ್ರಲಿಂಗ ಬಾಗಿಲಿನಲ್ಲಿ ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದ. ಬೇರೆಯವರಿಗೆ ವ್ಯಾಯಾಮ ಹೇಳಿಕೊಡುತ್ತಾ ಎಣಿಕೆ ತಪ್ಪುತ್ತಿದ್ದ. ಅವನ ತರಬೇತಿ ಮುಗಿಯುವ ದಿನವೂ ಹತ್ತಿರ ಬರುತ್ತಿತ್ತು. ಬೆಂಗಳೂರಿನ ಗೆಳೆಯರು ತೀವ್ರ ನಿಗಾ ಘಟಕದಲ್ಲಿ ಏನೇನು ಕಲಿತೆವೆಂದು ಫೋನಿನಲ್ಲಿ ಹೇಳುತ್ತಿದ್ದರು. ನಾನು ಕಲಿತದ್ದೇನು? ಸರಿಹೋಗುತ್ತಿದ್ದ ಒಬ್ಬಳನ್ನು ಮತ್ತೆ ಕುಂಟಿಸಿದೆ.

"ನಾನೇ ಕೆಡಿಸ್ದೆ ಮೇಡಂ" ಎಂದ.

"ಆತುರ ಮಾಡ್ದೆ" ಎಂದರು ಏಕನಾಥಮ್ಮ. "ನಾನೂ ನಿನ್ನ ತಡೀಬೇಕಾಗಿತ್ತು, ತಡೀಲಿಲ್ಲ. ನಾನೇನು ಆತುರ ಮಾಡಿಲ್ವ? ಎಷ್ಟೋ ಜನರನ್ನ ಹಿಂಗೇ ಕಳ್ಕಂಡಿದೀನಿ. ಕೆಲವ್ರಿಗೆ ಫೋನ್ ಮಾಡಕ್ಕೂ ನಾಚಿಕೆಯಾಗಿ ಸುಮ್ನಾದೆ. ನೀನು ಸುಮ್ನಾಗಬ್ಯಾಡ. ಹೋಗು, ಮನೆಗೇ ಹೋಗಿ ಬಾ. ವ್ಯಾಯಾಮ ಗೀಯಾಮ ಏನೂ ಮಾಡಿಸಬ್ಯಾಡ, ಮಾತಾಡ್ಕಂಡು ಬಾ."

ಬರಗೇರಮ್ಮನ ಮನೆಯ ಜಗಲಿಯಲ್ಲಿ ಯತ್ತಪ್ಪ ಒಂದು ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ ಹರಡಿಕೊಂಡಿದ್ದ. "ಬರ್ರಿ, ಕುಂತ್ಕಳ್ರಿ. ಒಳಗಿದಾಳೆ, ಸಿಟ್ಟಾಗಿದಾಳೆ" ಎಂದು ತಗ್ಗಿದ ದನಿಯಲ್ಲಿ ಎಚ್ಚರಿಸಿದ. ಅವಳು ಬಾಗಿಲಿಗೆ ಬಂದು ನಿಂತಳು. ಚಿತ್ರಲಿಂಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋದವು.

"ನಿಮ್ಮನ್ನ ಕೇಳ್ದೆ ಎಂಜಿನ್ ಹಚ್ಚಿಸಿದ್ದು ನನ್ ತಪ್ಪು ಅಕ್ಕ" ಎಂದ. "ಏನು ಮಾಡಿದ್ರೆ ನಿಮಗೆ ಸಲೀಸಾಗುತ್ತೆ ಅಂತ ನಾನು ಒಂದಿನಾನೂ ಕೇಳ್ಲಿಲ್ಲ. ಎಲ್ಲ ನಾನೇ ಯೋಚನೆ ಮಾಡ್ದೆ. ಈಗ ಕೇಳ್ತಾ ಇದೀನಿ."

ಬರಗೇರಮ್ಮ ಹೊಸ್ತಿಲ ಮೇಲೆ ಕುಳಿತಳು.

"ಹನ್ನೆರಡು ವರ್ಷ ಕಂಡಕ್ಟರ್ ಕೆಲ್ಸ ಮಾಡಿದೀನಿ ನಾನು" ಎಂದಳು. "ನನ್ ಸೀಟಿ ಇಲ್ದೆ ಒಂದ್ ಗಾಡಿನೂ ಅಲ್ಲಾಡಿಲ್ಲ. ಬಿದ್ದೆನಲ್ಲ, ಆವಾಗ ಬಾಯಾಗಿದ್ದ ಸೀಟಿ ಎಲ್ಲೋ ಹೋಗಿತ್ತು. ಗಾಡಿ ನಿಲ್ಸು ಅಂತ ಹೇಳಕ್ಕೂ ನನ್ ಕೈಲಿ ಏನೂ ಇರ್ಲಿಲ್ಲ. ಮೊನ್ನೆನೂ ಹಂಗೇ ಆಯ್ತು. ನಿಮ್ ಪಾಡಿಗೆ ನೀವು ಎಂಜಿನ್ ಹಚ್ಚಿದ್ರಿ." ಸ್ವಲ್ಪ ತಡೆದು ಕೇಳಿದಳು: "ನಾನು ಸೀಟಿ ಊದಿದ್ರೆ ಮಾತ್ರ ಹೊರಡ್ಬೇಕು, ಊದಿದ್ ತಕ್ಷಣ ನಿಲ್ಲಿಸ್ಬೇಕು. ಬೋರಯ್ಯ ಒಪ್ತಾನಾ?"

"ಒಪ್ದೆ ಎಲ್ಲಿಗೆ ಹೋಗ್ತಾನೆ?" ಎಂದ ಯತ್ತಪ್ಪ, ಮೋಟಾರಿನಿಂದ ತಲೆಯೆತ್ತದೆ.

ಬೋರಯ್ಯ ಒಪ್ಪಿದ. ಮರುದಿನ ಮಧ್ಯಾಹ್ನ ಬೇವಿನ ಮರದ ಕೆಳಗೆ ಬರಗೇರಮ್ಮ ಮೆಟ್ಟಿಲ ಮೇಲೆ ನಿಂತು ಸೀಟಿ ಬಾಯಿಗಿಟ್ಟಳು. ಊದಲಿಲ್ಲ. ಬಸ್ಸಿನೊಳಗೆ ಮೂವರೂ ಕಾದರು. ಯಾರೂ ಕೆಮ್ಮಲಿಲ್ಲ ಕೂಡ. ಕೊನೆಗೆ ಸಣ್ಣಗೆ ಒಂದು ಸೀಟಿ ಕೇಳಿತು. ಎಂಜಿನ್ ಗುಡುಗಿತು. ತಕ್ಷಣ ಇನ್ನೊಂದು ಸೀಟಿ. ಎಂಜಿನ್ ನಿಂತಿತು. ಮತ್ತೆ ಸೀಟಿ, ಮತ್ತೆ ಎಂಜಿನ್. ಹಾಗೆ ಎಷ್ಟು ಸಲವಾಯಿತೋ. ಕೊನೆ ಕೊನೆಗೆ ಅವಳು ನಿಲ್ಲಿಸುವ ಸೀಟಿಯನ್ನು ತಡವಾಗಿ ಊದತೊಡಗಿದಳು. ಬಸ್ಸು ಒಂದು ಮಾರು ಮುಂದೆ ಹೋಗಿ ನಿಂತಿತು. ಆಮೇಲೆ ಮರವನ್ನು ಒಂದು ಸುತ್ತು ಹಾಕಿತು. ಬೋರಯ್ಯ ಕನ್ನಡಿಯಲ್ಲಿ ನೋಡುತ್ತಾ ಕಣ್ಣೊರೆಸಿಕೊಂಡ, ಧೂಳು ಎಂದ.

ಮುಂದಿನ ಭಾನುವಾರ ಎಲ್ಲರೂ ಸೇರಿ ಪ್ರಯಾಣಿಕರಿದ್ದ ಬಸ್ಸಿನಲ್ಲೇ ಪಕ್ಕದ ಊರು ಆದಿವಾಲದವರೆಗೆ ಹೊರಟರು. ಬರಗೇರಮ್ಮ ಬಾಗಿಲಿನ ಪಕ್ಕ ಯಾವುದನ್ನೂ ಹಿಡಿಯದೆ ನಿಂತಳು. ಅವಳು ವಾಲಿದರೆ ಹಿಡಿಯಲೆಂದು ಚಿತ್ರಲಿಂಗ ಎರಡೂ ಕೈ ಮುಂದೆ ಚಾಚಿ ಎದುರಿಗೆ ನಿಂತ. ಮೊಣಕಾಲು, ಹರಡು, ಬೆರಳು ಎಲ್ಲವನ್ನೂ ಗಮನವಿಟ್ಟು ನೋಡುತ್ತಿದ್ದ. ರಸ್ತೆಯನ್ನು ಮಾತ್ರ ನೋಡಲಿಲ್ಲ. ಊರ ಮುಂದಿನ ರಸ್ತೆ ಉಬ್ಬಿಗೆ ಬಸ್ಸು ಎಗರಿದಾಗ ಅವನೇ ಹಾರಿ ಬಾಗಿಲಿನ ಕಡೆ ಬಿದ್ದ. ಬೀಳುವಷ್ಟರಲ್ಲಿ ಯಾರೋ ಅವನ ಅಂಗಿಯ ಕಾಲರು ಹಿಡಿದರು. ಗುಂಡಿ ಕಿತ್ತುಹೋಯಿತು, ಅವನು ಉಳಿದ. ಬರಗೇರಮ್ಮ ಒಂದು ಕೈಯಲ್ಲಿ ಅವನ ಕಾಲರು ಹಿಡಿದು, ಮೆಟ್ಟಿಲ ಅಂಚಿನಲ್ಲಿ ಎಡಗಾಲನ್ನು ಊರಿ ನಿಂತಿದ್ದಳು.

"ಲೇ! ನನ್ನ ಹಿಡಿಯಕ್ ಬಂದೋನು ನೀನು!"

ಇಡೀ ಬಸ್ಸು ನಕ್ಕಿತು. ಚಿತ್ರಲಿಂಗನೂ ನಗುತ್ತಲೇ, "ಅಕ್ಕ, ಕಾಲು ನೋಡ್ಕಳ್ರಿ" ಎಂದ. ಅವಳು ಬಗ್ಗಿ ನೋಡಿದಳು. ಪೂರ್ತಿ ಭಾರ ಎಡಗಾಲಿನ ಮೇಲಿತ್ತು. ಕೆಳಗೆ ರಸ್ತೆ ಓಡುತ್ತಿತ್ತು. ಅವಳು ನೋಡುತ್ತಲೇ ಇದ್ದಳು. ಏಕನಾಥಮ್ಮ ಸೀಟಿನಿಂದ ಏಳಲು ಹೋದವರು ಹಾಗೇ ಕುಳಿತರು. ಬರಗೇರಮ್ಮ ಅವನ ಕಾಲರು ಬಿಟ್ಟು, ನಿಧಾನವಾಗಿ ಒಂದು ಹೆಜ್ಜೆ ಮೇಲೆ ಬಂದು, "ಒಳಗೆ ನಡೀರಿ, ಬಾಗ್ಲಾಗೆ ನಿಂತ್ಕಬ್ಯಾಡ್ರಿ" ಎಂದು ಯಾರಿಗೋ ಗದರಿದಳು.

ಅಲ್ಲಿಂದ ಮುಂದೆ ಎಲ್ಲವೂ ಸಲೀಸಾಯಿತು ಎಂದೇನಲ್ಲ. ಹೊಸದುರ್ಗದ ದಾರಿಗೆ ಹೋಗಲು ಅವಳಿಗೆ ಇನ್ನೂ ಧೈರ್ಯವಿರಲಿಲ್ಲ. ಸಂಜೆಯಾದರೆ ಕಾಲು ಸ್ವಲ್ಪ ಊದುತ್ತಿತ್ತು. ಕೆಲವು ರಾತ್ರಿ ಚಕ್ರ ಕನಸಿನಲ್ಲಿ ಬರುತ್ತದೆ ಎಂದು ಹೇಳಿದಾಗ, ಏಕನಾಥಮ್ಮ ಚಿತ್ರದುರ್ಗದಲ್ಲಿ ತಮಗೆ ಗೊತ್ತಿದ್ದ ಮನೋವೈದ್ಯರ ಹತ್ತಿರ ಕಳಿಸಿದರು. ಅವಳು ಗೊಣಗುತ್ತಲೇ ಹೋಗಿಬಂದಳು. ಆದರೆ ಆಫೀಸಿನ ಕೆಲಸದ ಮಾತು ಮತ್ತೆ ತೆಗೆಯಲಿಲ್ಲ. ಆಪರೇಷನ್ ಮಾಡಿದ್ದ ಡಾಕ್ಟರು ಪರೀಕ್ಷಿಸಿ ಕೆಲಸಕ್ಕೆ ಹೋಗಬಹುದೆಂದರು. ಮೊದಲಿಗೆ ಐಮಂಗಲದ ಕಡೆ ಹೋಗುವ ಹತ್ತಿರದ ಬಸ್ಸನ್ನು ಕೇಳಿ ಹಾಕಿಸಿಕೊಂಡಳು.

ಅವಳು ಕೆಲಸಕ್ಕೆ ಮರಳಿದ್ದು ಚಿತ್ರಲಿಂಗನ ತರಬೇತಿಯ ಕೊನೆಯ ವಾರದಲ್ಲಿ. ಹಿಂದಿನ ಸಂಜೆ ಅವನು ಏಕನಾಥಮ್ಮನನ್ನು ಕೇಳಿದ್ದ: ಓದು ಮುಗಿದ ಮೇಲೆ ಇಲ್ಲಿಗೇ ಬರಬಹುದೇ?

"ಬರಬಹುದು" ಎಂದಿದ್ದರು ಅವರು. "ಆದ್ರೆ ಮೊದ್ಲು ದೊಡ್ ಆಸ್ಪತ್ರೇಲಿ ಒಂದೆರಡು ವರ್ಷ ಇರು. ಉಸಿರಾಡಕ್ಕೂ ಆಗ್ದೋರನ್ನ ಹೆಂಗೆ ಎದ್ದು ಕೂರಿಸ್ತಾರೆ, ಅದನ್ನ ಕಲ್ತ್ಕಂಡು ಬಾ. ಈ ಊರಾಗೆ ಅದನ್ನ ಕಲಿಸೋರು ಯಾರೂ ಇಲ್ಲ. ನಂಗೂ ಕಲಿಸುವೆಯಂತೆ."

ಬೆಳಿಗ್ಗೆ ಇಬ್ಬರೂ ನಿಲ್ದಾಣಕ್ಕೆ ಹೋದರು. ಐಮಂಗಲದ ಬಸ್ಸು ಹೊರಡಲು ನಿಂತಿತ್ತು. ಬರಗೇರಮ್ಮ ಖಾಕಿ ಅಂಗಿ ತೊಟ್ಟು ಬಾಗಿಲಿನಲ್ಲಿ ನಿಂತು, ಈರುಳ್ಳಿ ಮೂಟೆ ತಂದಿದ್ದ ಒಬ್ಬ ರೈತನ ಜೊತೆ ಜಗಳವಾಡುತ್ತಿದ್ದಳು. ಮೂಟೆ ಒಳಗೆ ಬೇಡ, ಮೇಲೆ ಹಾಕು ಎಂದು ಅವಳು. ಮೇಲೆ ಹಾಕಿದರೆ ಬೀಳುತ್ತದೆ ಎಂದು ಅವನು. ದನಿ ನಿಲ್ದಾಣದ ಆಚೆ ತುದಿಗೂ ಕೇಳುತ್ತಿತ್ತು. ಮೂಟೆ ಕೊನೆಗೆ ಒಳಗೇ ಹೋಯಿತು. ಅವಳು ಕೆಳಗಿಳಿದು ಹಿಂದಿನ ಬಾಗಿಲು ನೋಡಿ ಬಂದಳು, ಕಂಬಿ ಹಿಡಿದಳು, ಹತ್ತಿದಳು, ಸೀಟಿ ಊದಿದಳು. ಅವರಿಬ್ಬರೂ ಅಲ್ಲೇ ಹತ್ತು ಮಾರು ದೂರದಲ್ಲಿ ನಿಂತಿದ್ದದ್ದು ಅವಳ ಕಣ್ಣಿಗೆ ಬೀಳಲೇ ಇಲ್ಲ.

ಬಸ್ಸು ಹೆದ್ದಾರಿಯ ಕಡೆ ತಿರುಗಿತು. ಚಿತ್ರಲಿಂಗ ಕೈ ಬೀಸಲೆಂದು ಅರ್ಧ ಎತ್ತಿದ್ದವನು ಇಳಿಸಿದ. ಅವಳು ನೋಡದೆ ಹೋದದ್ದಕ್ಕೆ ಬೇಸರವಾಗಬೇಕಿತ್ತೇನೋ. ಬದಲಿಗೆ ಎದೆ ತುಂಬಿ ಬಂತು.

"ಬಾ" ಎಂದರು ಏಕನಾಥಮ್ಮ. "ಮೊಣಕಾಲಿನ ಅಜ್ಜಿ ಆಗ್ಲೇ ಬಂದು ಕುಂತಿರ್ತಾಳೆ."

ಇಬ್ಬರೂ ಬೇಗ ಬೇಗ ಹೆಜ್ಜೆ ಹಾಕಿದರು.